ಪೊನ್ನಮ್ಮಾಳ್ ನಿಲ್ಲುವ ಜಾಗಗಳು

ಹೆಂಡತಿ ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತಾಳೆಂಬುದು ಜೆಯರಾಜ್‌ಗೆ ಬಾಯಿಪಾಠ. ಮಲ್ಲಿಗೆ ತೋಟದಿಂದ ಬರುವಾಗ ಬೇವಿನ ಮರದಡಿ, ಸೆರಗು ಸರಿಮಾಡಲು. ಪಾಪಮ್ಮಾಳ್ ಮನೆಯ ಮುಂದೆ, ಕೋಳಿಮರಿ ಎಷ್ಟಾದವೆಂದು ಕೇಳಲು. ನಿಲಕ್ಕೋಟ್ಟೈ ಸಂತೆಯಲ್ಲಂತೂ ಕೊಳ್ಳದ ಬದನೆಕಾಯಿಗೂ ಬೆಲೆ ಕೇಳುತ್ತ ನಿಂತುಬಿಡುವಳು. ಅವನು ಹತ್ತು ಮಾರು ಮುಂದೆ ಹೋಗಿ ಕೂಗುವನು:

"ಏ ಪೊನ್ನು, ಊರ ಪಂಚಾಯ್ತಿಯೆಲ್ಲಾ ನಿಂಗೇ ಬೇಕಾ? ಬಿರ್ನೆ ಬಾ!"

"ನೀವು ಹೋಗಿ ಮಾಮಾ, ಬಂದ್ಬುಟ್ಟೆ."

ಈಗ ಅವರು ದಿಂಡಿಗಲ್‌ನ ಒಂದು ಆಸ್ಪತ್ರೆಯಲ್ಲಿದ್ದರು. ಕೊಳವೆಯೊಳಗೆ ಊದುವ ಪರೀಕ್ಷೆ ಮುಗಿದಿತ್ತು. ಪೊನ್ನಮ್ಮಾಳ ಶ್ವಾಸಕೋಶದ ಬಲ ಅರ್ಧಕ್ಕಿಳಿದಿದೆ ಎಂದು ಡಾಕ್ಟರಮ್ಮ ಹೇಳಿದ್ದರು. ಇನ್ನು ನಡಿಗೆಯ ಪರೀಕ್ಷೆ. ನರ್ಸ್ ಸರಣ್ಯಾ ವರಾಂಡದ ಎರಡೂ ತುದಿಗೆ ಕುರ್ಚಿಯಿಟ್ಟು, ಪೊನ್ನಮ್ಮಾಳ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ, ಅಜ್ಜಿಗೆ ಹೇಳಿದಳು: "ಆರು ನಿಮಿಷ ನಡೀರಿ ಪಾಟಿ. ಸಾಕಾದ್ರೆ ನಿಲ್ಲಿ. ತಾತಾ, ನೀವು ಇಲ್ಲೇ ಕೂತಿರಿ."

ಜೆಯರಾಜ್ ಕೂತು ನೋಡಿದ. ಹೆಂಡತಿ ನಡೆಯುವುದನ್ನು ಅವನು ಕೂತು ನೋಡಿದ್ದೇ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಹೂವಿನ ಬುಟ್ಟಿ ಹೊತ್ತು ಅವಳು ಮುಂದೆ ಹೋದರೆ ಅವನು ಹಿಂದೆ ಓಡಬೇಕಿತ್ತು. ಅದು ತಿರುಗುಮುರುಗಾದದ್ದು ಯಾವ ವರ್ಷ?

ಮೂರನೆಯ ಸುತ್ತಿಗೆ ಪೊನ್ನಮ್ಮಾಳ್ ಗೋಡೆಯ ಭಿತ್ತಿಪತ್ರದ ಮುಂದೆ ನಿಂತಳು. ಕತ್ತೆತ್ತಿ, ಸಾಲು ಸಾಲಾಗಿ ಕಣ್ಣಾಡಿಸಿದಳು. ಭುಜ ಏರಿಳಿಯುತ್ತಿತ್ತು.

"ಓದೋದು ಆಮೇಲೆ ಪಾಟಿ!" ಸರಣ್ಯಾ ನಕ್ಕಳು.

ಜೆಯರಾಜ್ ನಗಲಿಲ್ಲ. ಪೊನ್ನಮ್ಮಾಳಿಗೆ ಓದು ಬಾರದು.

ಬೇವಿನ ಮರ, ಕೋಳಿಮರಿ, ಬದನೆಕಾಯಿ ಒಂದೊಂದಾಗಿ ಅವನ ಮುಂದೆ ಬಂದು ನಿಂತವು.

ಡಾಕ್ಟರಮ್ಮ ಬಿಡಿಸಿ ಹೇಳಿದರು. "ಬಸ್ಸಲ್ಲಿ ಇಳಿಯೋರು ಇಳಿಯೋಕೆ ಮುಂಚೆ ಹತ್ತೋರು ನುಗ್ಗಿದ ಹಾಗೆ. ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗೋ ಮೊದಲೇ ಇನ್ನೊಂದು ಉಸಿರು ಬೇಕಾಗುತ್ತೆ. ಕೂತಾಗ ಅಷ್ಟು ಗೊತ್ತಾಗಲ್ಲ, ನಡೆದಾಗ ಗೊತ್ತಾಗುತ್ತೆ." ಆಮೇಲೆ ಕೇಳಿದರು: "ಅಡುಗೆ ಯಾವುದರಲ್ಲಿ?"

"ಗ್ಯಾಸ್ ಇದೆ ಅಮ್ಮಾ," ಎಂದಳು ಪೊನ್ನಮ್ಮಾಳ್, ಬೇಗನೆ.

ಇತ್ತು, ಹತ್ತು ವರ್ಷದಿಂದ. ಬಂದ ಮೊದಲ ದಿನವೇ ಜೆಯರಾಜ್ ಅನ್ನ-ಸಾರಿನ ತಟ್ಟೆ ಸರಿಸಿ, "ಈ ಕೊಳಂಬಿಗೆ ರುಸಿನೇ ಇಲ್ಲ," ಎಂದಿದ್ದ. ಅಂದಿನಿಂದ ಗ್ಯಾಸು ನೆಂಟರ ಕಾಫಿಗೆ ಮಾತ್ರ. ಅವನ ಊಟಕ್ಕೆ ಹತ್ತಿಕಡ್ಡಿಯ ಒಲೆ, ಕಿಟಕಿಯಿಲ್ಲದ ಅಡುಗೆಮನೆ.

"ಸೌದೆ ಒಲೆ," ಎಂದ ಜೆಯರಾಜ್. "ನಾನೇ ಬೇಕು ಅಂದಿದ್ದು."

ಡಾಕ್ಟರಮ್ಮ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಸಿರಿನೊಂದಿಗೆ ಎಳೆದುಕೊಳ್ಳುವ ಔಷಧಿ ಬರೆದರು, ಒಲೆ ಬಿಡಿಸಿ, ದಿನಾ ಮೆಲ್ಲಗೆ ನಡೆಸಿ ಎಂದರು. ಹೋದದ್ದು ಹೋಯಿತು, ಇರುವುದನ್ನು ಕಾಪಾಡಿಕೊಳ್ಳಬೇಕು ಅಷ್ಟೇ.

ಬಸ್‌ಸ್ಟ್ಯಾಂಡಿನಲ್ಲಿ ನಿಲಕ್ಕೋಟ್ಟೈ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಪೊನ್ನಮ್ಮಾಳ್ ಹೂವಿನವಳ ಬುಟ್ಟಿಯ ಮುಂದೆ ನಿಂತು, ಮಲ್ಲಿಗೆ ಮೊಳಕ್ಕೆಷ್ಟು ಎಂದು ಕೇಳಿದಳು. ಜೆಯರಾಜ್‌ನ ಕಾಲುಗಳು ಅಭ್ಯಾಸಬಲದಿಂದ ಎರಡು ಹೆಜ್ಜೆ ಮುಂದೆ ಹೋಗಿ ನಿಂತವು. ಅವನು ಹಿಂದೆ ಬಂದ.

"ಕನಕಾಂಬರ ಎಷ್ಟು?" ಎಂದು ತಾನೂ ಕೇಳಿದ. ಆಮೇಲೆ ಮರುಗ ಎಷ್ಟೆಂದೂ ಕೇಳಿದ.

ಪೊನ್ನಮ್ಮಾಳ್ ಅವನ ಮುಖ ನೋಡಿದಳು. ಮಾತಿಗಾಗುವಷ್ಟು ಉಸಿರು ಬರಲು ಹೊತ್ತು ಹಿಡಿಯಿತು.

"ಬಸ್ಸು ಹೋಯ್ತದೆ ಮಾಮಾ."

"ಹೋಗ್ಲಿ ಬಿಡು."

ಹೋಯಿತು.