ಪ್ಯಾಚ್ ಮೇಸ್ತ್ರಿಯ ಕೆಲಸದ ಬಟ್ಟೆ

ಗುಡ್ಡದ ಮೇಲಿನ ಹಳೆಯ ಗಾಳಿಯಂತ್ರಗಳನ್ನು ಇಳಿಸಿದಾಗ ಗುಜರಿಯವರು ಕಂಬದ ಕಬ್ಬಿಣಕ್ಕೆ ಮುಗಿಬಿದ್ದರು. ತಾಮ್ರದ ತಂತಿಗಂತೂ ಹೊಡೆದಾಟವೇ ಆಯಿತು. ರೆಕ್ಕೆಗಳನ್ನು ಮಾತ್ರ ಯಾರೂ ಮೂಸಿ ನೋಡಲಿಲ್ಲ. ಗಾಜಿನ ನಾರನ್ನು ಅಂಟಿನಲ್ಲಿ ನೆನೆಸಿ ಮಾಡಿದ ರೆಕ್ಕೆ ಕರಗುವುದಿಲ್ಲ, ಕೊಳೆಯುವುದಿಲ್ಲ. ಕತ್ತರಿಸಿ ಹೂಳಬೇಕು. ಅದಕ್ಕೆ ಸಿಕ್ಕವನು, ಇಷ್ಟು ವರ್ಷ ಅವನ್ನು ಉಳಿಸಿಕೊಂಡು ಬಂದಿದ್ದ ಪ್ಯಾಚ್ ಮೇಸ್ತ್ರಿ.

ಹಗ್ಗಕ್ಕೆ ಜೋತುಬಿದ್ದು ರೆಕ್ಕೆಯ ಬಿರುಕುಗಳಿಗೆ ತೇಪೆ ಹಾಕುವುದು ಅವನ ಕಸುಬು. "ನಿನ್ನ ತೇಪೆ ಇರೋವರೆಗೂ ಫ್ಯಾನಿಗೆ ಸಾವಿಲ್ಲ ಬಿಡು" ಎಂದು ಜೊತೆಯವರು ರೇಗಿಸುತ್ತಿದ್ದರು. ಈಗ ಎರಡರಷ್ಟು ಎತ್ತರದ ಹೊಸ ಯಂತ್ರಗಳು ಬಂದವು. ಅವುಗಳ ರಿಪೇರಿಗೆ ಬೇರೆ ಜನ, ಬೇರೆ ತರಬೇತಿ. ಐವತ್ತು ದಾಟಿದ ಮೇಸ್ತ್ರಿಯ ಕೈಗೆ ಗುತ್ತಿಗೆದಾರ ಗರಗಸದ ಮಷೀನು ಕೊಟ್ಟ. ತಪಾಸಣೆಯವರು ಬಂದ ದಿನ ಮುಖಗವಸನ್ನೂ ಕೊಟ್ಟ. ಅವರು ಹೋದ ಮೇಲೆ ವಾಪಸ್ ಎತ್ತಿಟ್ಟುಕೊಂಡ.

ರೆಕ್ಕೆಯಿಂದ ಏಳುವ ಬಿಳಿ ಪುಡಿ ಮೇಸ್ತ್ರಿಗೆ ಹೊಸದಲ್ಲ. ಆದರೆ ತೇಪೆ ಉಜ್ಜುವಾಗ ಏಳುತ್ತಿದ್ದದ್ದು ಹಿಡಿಯಷ್ಟು, ಇದು ಬುಟ್ಟಿಗಟ್ಟಲೆ. ಸಂಜೆ ಅಂಗಿ, ಪ್ಯಾಂಟು ಬಿಚ್ಚಿ ಎಂದಿನಂತೆ ವಾಷಿಂಗ್ ಮಷೀನಿಗೆ ಎಸೆಯುತ್ತಿದ್ದ. ಮನೆಮಂದಿಯ ಬಟ್ಟೆಯೆಲ್ಲ ಅದರಲ್ಲೇ, ಎರಡು ವರ್ಷದ ಮೊಮ್ಮಗಳ ಫ್ರಾಕೂ ಹೊದಿಕೆಯೂ.

ಮಗುವಿನ ಕತ್ತು, ಕಂಕುಳು ಕೆಂಪೇರಿದವು. ಕೆರೆದು ಕೆರೆದು ರಕ್ತ ಬಂತು.

"ಟೀವಿಲಿ ತೋರಿಸಿದ ಸೋಪೆಲ್ಲ ತಂದು ಸುರೀತೀಯ, ಇನ್ನೇನಾಗತ್ತೆ" ಎಂದಳು ಮೇಸ್ತ್ರಿಯ ಹೆಂಡತಿ, ಸೊಸೆಗೆ.

"ಸೋಪು ನೀವೇ ತಂದಿದ್ದು ಅತ್ತೆ. ಒಂದು ಕೊಂಡ್ರೆ ಒಂದು ಬಿಟ್ಟಿ ಅಂತ."

ಸೋಪು ಬದಲಾಯಿತು. ಹಾಲು ಬದಲಾಯಿತು. ಮುಲಾಮು ಬಂತು. ಮಗುವಿನ ಅಳು ಕೇಳಿದರೆ ಕೆಲಸದಿಂದ ಬಂದ ಮೇಸ್ತ್ರಿ ಅಂಗಿ ಬಿಚ್ಚುವುದನ್ನೂ ಮರೆತು ಎತ್ತಿಕೊಳ್ಳುತ್ತಿದ್ದ. ಅವನ ಹೆಗಲಿಗೆ ಕೆನ್ನೆ ಒತ್ತಿದರೇ ಅವಳಿಗೆ ನಿದ್ದೆ.

ಒಂದು ಬೆಳಿಗ್ಗೆ ಸೊಸೆ ಮಗುವಿನ ಕಪ್ಪು ಫ್ರಾಕನ್ನು ಕಿಟಕಿಯ ಬಿಸಿಲಿಗೆ ಹಿಡಿದಳು. "ಮಾವ, ಇದಕ್ಕೆ ಜರಿ ಇರಲಿಲ್ಲ ಅಲ್ವಾ?"

ಬಟ್ಟೆಯ ತುಂಬ ಕೂದಲಿಗಿಂತ ಸಣ್ಣ ಎಳೆಗಳು ಮಿನುಗುತ್ತಿದ್ದವು. ಮೇಸ್ತ್ರಿ ಬೆರಳಾಡಿಸಿದ. ಅವನಿಗೆ ಗೊತ್ತಾಯಿತು. ಮಷೀನಿನಲ್ಲಿ ತನ್ನ ಬಟ್ಟೆಯಿಂದ ಇಳಿದ ಗಾಜಿನ ನಾರು.

ಗುತ್ತಿಗೆದಾರನ ಹತ್ತಿರ ಹೋಗಿ ಕೇಳಿದ. "ಸಾರ್, ಕೆಲಸದ ಜಾಗದಲ್ಲೇ ಒಂದು ನಲ್ಲಿ ಹಾಕಿಸಿ. ಮೈ ತೊಳ್ಕೊಂಡು, ಬಟ್ಟೆ ಅಲ್ಲೇ ಬಿಟ್ಟು ಮನೆಗೆ ಹೋಗ್ತೀವಿ."

"ಮಾವನ ಮನೆಗೆ ಬಂದಿದೀಯೇನಪ್ಪಾ, ಸ್ನಾನಕ್ಕೆ ನೀರು ಕಾಯಿಸಿಡಕ್ಕೆ? ಟ್ಯಾಂಕರ್ ನೀರು ಹೊಸ ಫ್ಯಾನಿನ ಕಾಂಕ್ರೀಟಿಗೆ. ಆಗಲ್ಲ ಅಂದ್ರೆ ಹೇಳು, ಗೇಟಲ್ಲಿ ಜನ ನಿಂತಿದಾರೆ."

ಹೊಸ ಕಂಬದ ಬುಡದಲ್ಲಿ ಆಳೆತ್ತರದ ಅಕ್ಷರಗಳಲ್ಲಿ 'ಶುದ್ಧ ವಿದ್ಯುತ್' ಎಂದು ಬರೆಸಿದ್ದಾರೆ. ಸುಳ್ಳಲ್ಲ. ಹೊಗೆಯಿಲ್ಲ, ಮಸಿಯಿಲ್ಲ. ಆ ಶುದ್ಧಿಯಲ್ಲಿ ದೀಪ ಹಾಕಿಕೊಂಡವರು ನಾವೆಲ್ಲ, ಇದನ್ನು ಓದುತ್ತಿರುವ ನೀವೂ. ಕಾಂಕ್ರೀಟಿಗೆ ನೀರುಂಟು, ಕೆಲಸದವನ ಮೈಗೆ ಒಂದು ನಲ್ಲಿ ಇಲ್ಲ ಎಂಬುದನ್ನು ಯಾವ ಕಂಬದ ಮೇಲೆ ಬರೆಸೋಣ?

ಮೇಸ್ತ್ರಿ ಕೆಲಸ ಬಿಡಲಿಲ್ಲ. ಆ ವಯಸ್ಸಿಗೆ ಇನ್ನೊಂದು ಯಾರು ಕೊಡುತ್ತಾರೆ? ಹಿತ್ತಲ ಶೆಡ್ಡಿಗೆ ಹಾಸಿಗೆ ಸಾಗಿಸಿದ, ಬಟ್ಟೆಯನ್ನು ಬಕೆಟ್ಟಿನಲ್ಲಿ ತಾನೇ ಒಗೆದುಕೊಂಡ. ಆದರೂ ಉಗುರಿನ ಸಂದಿ, ಕೂದಲ ಬುಡ ನಂಬುವಂತಿರಲಿಲ್ಲ. ಮಗು ತೋಳು ಚಾಚಿ ಓಡಿ ಬಂದಾಗಲೆಲ್ಲ ಅಜ್ಜಿ ಅಡ್ಡ ಬಂದು, "ಬೇಡ ಚಿನ್ನ, ತಾತ ಚುಚ್ತಾರೆ" ಎನ್ನುತ್ತಿದ್ದಳು. ಹೇಳಿ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಮಗುವಿನ ಮೈ ವಾಸಿಯಾಯಿತು. ರೆಕ್ಕೆಗಳೂ ಮುಗಿದವು. ಕೊನೆಯ ದಿನ ಮೇಸ್ತ್ರಿ ಗರಗಸ ಒಪ್ಪಿಸಿ, ಕೆಲಸದ ಬಟ್ಟೆಯನ್ನು ರೆಕ್ಕೆಗಳ ಗುಂಡಿಗೇ ಎಸೆದ. ಮನೆಗೆ ಬಂದು ಉಗುರು ಕತ್ತರಿಸಿ, ಚರ್ಮ ಉರಿಯುವಷ್ಟು ಮೈ ಉಜ್ಜಿಕೊಂಡು, ಹೊಸ ಅಂಗಿ ತೊಟ್ಟು ನಡುಮನೆಯ ನೆಲದ ಮೇಲೆ ಕೂತ. ಎರಡೂ ಕೈ ಚಾಚಿದ.

"ಬಾ ಪುಟ್ಟಿ. ಈಗ ಚುಚ್ಚಲ್ಲ."

ಮಗು ಅಮ್ಮನ ಹಿಂದೆ ಸರಿದು, ಇಣುಕಿ ಅವನ ಕೈಗಳನ್ನೇ ನೋಡಿತು.

"ಹೋಗೇ, ತಾತ ಕರೀತಿದಾರೆ" ಎಂದಳು ಸೊಸೆ.

ಮಗು ಹೋಗಲಿಲ್ಲ.