ಬಾವಿಯ ಐದು ಸೋಮವಾರಗಳು

ಹೂಡಿಯ ನಮ್ಮ ಮನೆಯ ಹಿಂದೆ, ಈಗ ಬಾಡಿಗೆಯ ರೂಮುಗಳಿರುವಲ್ಲಿ, ಒಂದು ಬಾವಿ ಇತ್ತು ಮಕ್ಕಳೇ. ನಿಮ್ಮ ತಾತ ತೀರಿಕೊಂಡ ಮರುವರ್ಷ, ಅಂತರ್ಜಲದ ಸಂಶೋಧನೆ ಮಾಡುತ್ತಿದ್ದ ಒಬ್ಬ ಹುಡುಗಿ ಬಂದು ನನಗೊಂದು ಕೆಲಸ ಒಪ್ಪಿಸಿದಳು. ಪ್ರತಿ ಸೋಮವಾರ, ತುದಿಗೆ ಗುಂಡು ಕಟ್ಟಿದ ಟೇಪನ್ನು ಬಾವಿಗೆ ಇಳಿಬಿಟ್ಟು, ನೀರು ಎಷ್ಟು ಅಡಿ ಕೆಳಗಿದೆ ಎಂದು ಪುಸ್ತಕದಲ್ಲಿ ಬರೆಯಬೇಕು. ಹಳ್ಳಿಯಲ್ಲಿ ಏಳನೇ ಕ್ಲಾಸು ಓದಿದ ನನ್ನನ್ನು ಅದುವರೆಗೆ ಯಾರೂ ಏನನ್ನೂ ಬರೆದಿಡಲು ಕೇಳಿರಲಿಲ್ಲ.

"ನೀರು ಕಮ್ಮಿ ಆಗ್ತಿದೆ ಅನ್ನೋದು ಗೊತ್ತಿರೋದೇ ಅಮ್ಮ. ಯಾವ ವಾರದಿಂದ ಜೋರಾಗಿ ಇಳಿಯೋಕೆ ಶುರುವಾಯ್ತು, ನಂಗೆ ಅದು ಬೇಕು. ಈ ಬೀದೀಲಿ ಉಳಿದಿರೋದು ನಿಮ್ಮ ಬಾವಿ ಒಂದೇ," ಎಂದಳು. ಅವಳ ಗೆಳತಿಯೊಬ್ಬಳು ಕೆರೆಯ ಹಕ್ಕಿಗಳನ್ನು ಎಣಿಸುತ್ತಿದ್ದಳಂತೆ, ಇನ್ನೊಬ್ಬಳು ಮೀನುಗಳನ್ನು. ಎಲ್ಲರೂ ಹುಡುಕುತ್ತಿದ್ದುದು ಜೋರಾಗಿ ಇಳಿಯಲು ಶುರುವಾದ ಆ ವಾರವನ್ನೇ. ಮೂರನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಮೊದಲು ಇಳಿಯಿತೆಂದು ತಿಳಿಯುತ್ತದಂತೆ.

ಬೇಸಿಗೆಯ ಒಂದು ಸೋಮವಾರ ಟೇಪು ಹಿಂದಿನ ವಾರಕ್ಕಿಂತ ನಾಲ್ಕು ಅಡಿ ಹೆಚ್ಚು ಇಳಿಯಿತು. ನಮ್ಮ ಮನೆಯಲ್ಲಿ ಡಬ್ಬ ಬರಿದಾದರೂ ಅಕ್ಕಿ ಇಲ್ಲ ಎನ್ನುವಂತಿರಲಿಲ್ಲ. ಅಕ್ಕಿ ತುಂಬಿದೆ, ತನ್ನಿ ಎನ್ನಬೇಕು. ಹಾಗೆಂದು ಅತ್ತೆ ಕಲಿಸಿದ್ದರು. ಮದುವೆಯಾಗಿ ಬಂದ ದಿನ ಅರಿಶಿನ ಕುಂಕುಮ ಇಟ್ಟು ಪೂಜಿಸಿದ ಗಂಗೆ ಇಳಿದಳೆಂದು ಕೈಯಾರೆ ಬರೆಯಲು ನನಗೆ ಮನಸ್ಸು ಬರಲಿಲ್ಲ. ಹಿಂದಿನ ವಾರದ ಅಂಕಿಯನ್ನೇ ಬರೆದೆ. ಐದು ಸೋಮವಾರ ಹೀಗೇ ಮಾಡಿದೆ. ಆರನೆಯದಕ್ಕೆ ಗುಂಡು ಬರೀ ಕೆಸರಿಗೆ ಬಡಿಯಿತು. ಅದನ್ನು ಮಾತ್ರ ಇದ್ದ ಹಾಗೆ ಬರೆದೆ.

ಹುಡುಗಿ ಬಂದು ಪುಟ ನೋಡಿದಳು.

"ಒಂದೇ ವಾರದಲ್ಲಿ ಹೋಗ್ಬಿಡ್ತಾ ಅಮ್ಮ? ಟೇಪು ಎಲ್ಲಾದ್ರೂ ಸಿಕ್ಕಾಕ್ಕೊಂಡಿತ್ತಾ?"

"ಅಂಗೇ ಇರ್ಬೌದು ಕಣಮ್ಮ."

"ಟೇಪೇ ಸರಿಯಿಲ್ಲ ಬಿಡಿ. ನೀವು ಪಾಪ, ಒಂದು ವಾರಾನೂ ತಪ್ಪಿಸಿಲ್ಲ. ನಮ್ಮ ಆಫೀಸಲ್ಲೇ ಯಾರೂ ಇಷ್ಟು ಶಿಸ್ತಾಗಿಲ್ಲ."

ನಗುತ್ತಲೇ ಹೇಳಿದಳು. ನಮ್ಮ ಬಾವಿಯನ್ನು ತನ್ನ ಬರಹದಿಂದ ಕೈಬಿಡಬೇಕಾಗುತ್ತದೆ ಎಂದೂ ಹೇಳಿದಳು. ಕಾಫಿ ಕೊಟ್ಟೆ. ನಿಜ ಮಾತ್ರ ಹೇಳಲಿಲ್ಲ. ಅವಳು ಟೇಪು ತೆಗೆದುಕೊಂಡು ಹೋದಳು. ಪುಸ್ತಕ ನನ್ನಲ್ಲೇ ಉಳಿಯಿತು. ಮರುವರ್ಷ ಬಾವಿ ಮುಚ್ಚಿದೆವು.

ಆ ಐದು ಸಾಲುಗಳನ್ನು ಸರಿಪಡಿಸೋಣವೆಂದು ಮೊನ್ನೆ ಕೂತೆ. ಕೊನೆಯ ನಾಲ್ಕು ವಾರದ ಅಳತೆ ನೆನಪಿಗೆ ಬರಲೇ ಇಲ್ಲ. ಮೊದಲ ಸೋಮವಾರದ ನಾಲ್ಕು ಅಡಿ ಮಾತ್ರ ನೆನಪಿದೆ. ಅವಳು ಕೇಳಿದ್ದೂ ಅದನ್ನೇ. ಪೆನ್ಸಿಲ್ಲಿನಲ್ಲಿ ಪಕ್ಕಕ್ಕೆ ಬರೆದಿದ್ದೇನೆ. ಪುಸ್ತಕದ ಹಿಂಬದಿಯಲ್ಲಿ ಅವಳ ಫೋನ್ ನಂಬರ್ ಇದೆ. ನಿಮ್ಮಲ್ಲಿ ಯಾರಾದರೂ ಅವಳಿಗೆ ಹೇಳಿಬಿಡಿ. ಎರಡು ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟಿದ್ದೇನೆ.