ಕೀ ಆನ್ಸರ್‌ನಲ್ಲಿ ಕರುಣೆ

ಜಯನಗರದ ಒಂದು ಕಾಲೇಜಿನಲ್ಲಿ ಹಿಸ್ಟರಿ ಪೇಪರ್ ತಿದ್ದೋಕೆ ಕೂತಿದ್ವಿ. ನೂರು ಚಿಲ್ಲರೆ ವರ್ಷದ ಹಿಂದೆ ಬ್ರಿಟನ್ ಸರ್ಕಾರ ಬಡಮಕ್ಕಳಿಗೆ ಶಾಲೆಯಲ್ಲಿ ಊಟ, ಮುದುಕರಿಗೆ ಪಿಂಚಣಿ ಯಾಕೆ ಶುರುಮಾಡಿತು ಅನ್ನೋದು ಪ್ರಶ್ನೆ. ಯಾವುದೋ ಮಗು ಬರೆದಿತ್ತು: "ಸೈನ್ಯಕ್ಕೆ ಸೇರಲು ಬಂದ ಬಡ ಯುವಕರು ತೀರಾ ಬಡಕಲಾಗಿದ್ದರು. ಹೀಗೇ ಬಿಟ್ಟರೆ ಸೈನಿಕರೂ ಸಿಗುವುದಿಲ್ಲ, ಕೆಲಸಗಾರರೂ ಸಿಗುವುದಿಲ್ಲ ಎಂದು ಸರ್ಕಾರ ಹೆದರಿತು."

ಖುಷಿಯಾಗಿ ಪೂರ್ತಿ ಅಂಕ ಕೊಟ್ಟೆ. ನಮ್ಮ ಟೇಬಲ್ಲಿನ ಚೀಫ್ ಎಕ್ಸಾಮಿನರ್ ಅದನ್ನ ಹೊಡೆದುಹಾಕಿ ಸೊನ್ನೆ ಸುತ್ತಿದರು.

"ಕೀ ಆನ್ಸರ್‌ನಲ್ಲಿ 'ಬಡವರ ಮೇಲಿನ ಕರುಣೆ' ಅಂತಿದೆ ಮೇಡಂ. ಇದ್ರಲ್ಲಿ ಕರುಣೆ ಎಲ್ಲಿದೆ?"

"ಸಾರ್, ಕರುಣೆ ಜೊತೆ ಭಯಾನೂ ಇತ್ತಲ್ಲ? ಟೆಕ್ಸ್ಟ್‌ಬುಕ್‌ನಲ್ಲೇ ಇದೆ, ನೋಡಿ."

"ಟೆಕ್ಸ್ಟ್‌ಬುಕ್‌ನಲ್ಲಿ ಇರ್ಬೋದು. ಕೀ ಆನ್ಸರ್‌ನಲ್ಲಿ ಇಲ್ವಲ್ಲ!"

ಪುಸ್ತಕ ತೆಗೆದು ಮೂಗಿನ ಕೆಳಗೆ ಹಿಡಿದರೂ ಆ ಮಹಾನುಭಾವರು ನೋಡಲಿಲ್ಲ. ತಲೆ ಚಚ್ಚಿಕೊಳ್ಳೋದೊಂದು ಬಾಕಿ.

ಊಟವಾದ ಮೇಲೆ ಸೆಖೆಗೆ ಅರ್ಧ ಟೇಬಲ್ಲು ತೂಕಡಿಸ್ತಿತ್ತು. ಬಂದ ದಿನದಿಂದ ಒಂದು ಲೋಟ ಕಾಫಿಗೆ ಗೋಗರೆದರೂ ಯಾರೂ ಕ್ಯಾರೇ ಅಂದಿರಲಿಲ್ಲ. ಈಗ ಚೀಫೇ ಗಾಬರಿಯಾಗಿ ಕ್ಯಾಂಟೀನಿಗೆ ಫೋನ್ ಮಾಡಿದರು. "ಬೇಗ ಎಲ್ರಿಗೂ ಕಾಫಿ ಕಳ್ಸಪ್ಪಾ. ಇವ್ರೆಲ್ಲ ನಿದ್ದೆ ಹೊಡೆದ್ರೆ ಪೇಪರ್ ತಿದ್ದೋರ್ಯಾರು?"

ಕಾಫಿ ಬಂತು. ಕುಡಿದು, ಆ ಪೇಪರನ್ನ ಮತ್ತೆ ಅವರ ಮುಂದಿಟ್ಟೆ.

"ಸಾರ್, ಈಗ ನಮಗೆ ಕಾಫಿ ಕೊಡಿಸಿದ್ದು ಯಾಕೆ ಹೇಳಿ?"

"ಪಾಪ, ಎಲ್ರೂ ಸುಸ್ತಾಗಿದ್ರಲ್ಲ ಮೇಡಂ, ನೋಡೋಕಾಗ್ಲಿಲ್ಲ" ಅಂದರು.

ಕೀ ಆನ್ಸರ್ ಪ್ರಕಾರ ಅವರಿಗೆ ಪೂರ್ತಿ ಅಂಕ.